ಉಪ್ಪುಗಾಳಿ, ಮಳೆ ಮತ್ತು ಮುಹೂರ್ತ: ಉತ್ತರ ಕನ್ನಡದ ಛಾಯಾಗ್ರಾಹಕರಿಗೊಂದು ಮಾರ್ಗದರ್ಶಿ

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಾಗಲಿ ಕ್ಯಾಮೆರಾ ನಂಬಿ ಸಂಸಾರ ನಡೆಸುವವರ ದುಡಿಮೆಯ ವರ್ಷ ಹನ್ನೆರಡು ತಿಂಗಳಿನದಲ್ಲ. ತುಳಸಿ ಮದುವೆ ಮುಗಿದ ಮೇಲೆ ಮುಹೂರ್ತಗಳು ಆರಂಭವಾಗುತ್ತವೆ. ಆಷಾಢ ಹತ್ತಿರವಾಗುತ್ತಿದ್ದಂತೆ ಆರ್ಡರ್‌ಗಳು ನಿಲ್ಲುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಆದಾಯ ಕುಗ್ಗುತ್ತದೆ, ಸಲಕರಣೆಗಳು ಹೆಚ್ಚಾಗಿ ಕೆಡುವುದೂ ಆ ನಾಲ್ಕು ತಿಂಗಳಲ್ಲೇ. ಯಾವ ಕ್ಯಾಮೆರಾ ಕೊಳ್ಳಬೇಕು, ಕೆಟ್ಟಾಗ ಎಲ್ಲಿಗೆ ಕಳಿಸಬೇಕು, ಒಂದು ದಿನದ ಕೆಲಸಕ್ಕೆ ಎಷ್ಟು ಕೇಳಬೇಕು ಎಂಬ ಮೂರೂ ಪ್ರಶ್ನೆಗಳಿಗೆ ನಮ್ಮಲ್ಲಿ ಉತ್ತರ ಹುಡುಕಬೇಕಾದದ್ದು ಆ ಮಳೆಗಾಲವನ್ನು ಎದುರಿಗಿಟ್ಟುಕೊಂಡೇ. ವೃತ್ತಿಗೆ ಹೊಸದಾಗಿ ಬರುತ್ತಿರುವವರನ್ನು ಮನಸ್ಸಿನಲ್ಲಿಟ್ಟು, ಶಿರಸಿಯ ನನ್ನ ಸ್ಟುಡಿಯೋದಲ್ಲಿ ನಾನು ಪಾಲಿಸಿಕೊಂಡು ಬಂದಿರುವ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಕೊಳ್ಳುವಾಗ

ಹೊಸ ಕ್ಯಾಮೆರಾ ಕೊಳ್ಳುವವರು ನೋಡಬೇಕಾದ ಸಂಗತಿಗಳು ಹೆಚ್ಚಿಲ್ಲ. ಮದುವೆಯಂಥ ಮರಳಿ ಬಾರದ ಸಂದರ್ಭಗಳನ್ನು ಹಣ ಪಡೆದು ಚಿತ್ರಿಸುವವರು ಎರಡು ಮೆಮೊರಿ ಕಾರ್ಡ್‌ಗಳಿಗೆ ಜಾಗವಿರುವ ಕ್ಯಾಮೆರಾವನ್ನೇ ಆರಿಸಿಕೊಳ್ಳಬೇಕು ಮತ್ತು ಎರಡೂ ಕಾರ್ಡ್‌ಗಳಲ್ಲಿ ಒಂದೇ ಚಿತ್ರ ದಾಖಲಾಗುವಂತೆ ಹೊಂದಿಸಿಕೊಳ್ಳಬೇಕು. ದೂಳು ಮತ್ತು ತುಂತುರು ತಡೆಯುವ ರಬ್ಬರ್ ಸೀಲ್ ಇರುವ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಕೊಂಡರೆ ಲೆನ್ಸನ್ನು ಅದಕ್ಕೆ ಕೂರಿಸುವ ಮೌಂಟ್‌ನಲ್ಲೂ ಅಂಥ ರಬ್ಬರ್ ಪಟ್ಟಿ ಇರಬೇಕು. ಎರಡರಲ್ಲಿ ಒಂದಕ್ಕೆ ಇಲ್ಲದಿದ್ದರೂ ನೀರು ಒಳಹೋಗಲು ದಾರಿಯಿರುತ್ತದೆ. ಹಣ ಸೀಮಿತವಾಗಿದ್ದರೆ ಬಾಡಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿದು ಲೆನ್ಸಿಗೆ ಹೆಚ್ಚು ಕೊಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಹವ್ಯಕರ ಮನೆಯ ಒಳಗತ್ತಲೆಯಲ್ಲಿ, ಹೋಮದ ಹೊಗೆಯ ನಡುವೆ ಚಿತ್ರ ತೆಗೆಯುವಾಗ ಕೈಹಿಡಿಯುವುದು ಹೆಚ್ಚು ಬೆಳಕು ಒಳಬಿಡುವ ಎಫ್ 1.8ರ ಲೆನ್ಸೇ ಹೊರತು ಬಾಡಿಯ ಮೆಗಾಪಿಕ್ಸೆಲ್ ಅಲ್ಲ.

ಹಳೆಯದನ್ನು ಕೊಳ್ಳುವವರು ಮಾತ್ರ ಅರ್ಧ ಗಂಟೆ ಕುಳಿತು ಪರೀಕ್ಷಿಸಲೇಬೇಕು. ಮೊದಲು ಬ್ಯಾಟರಿ ತೆಗೆದು, ಅದರ ಗೂಡಿನೊಳಗಿನ ಲೋಹದ ಕಡ್ಡಿಗಳನ್ನೂ ಮೇಲೆ ಫ್ಲಾಶ್ ಕೂರಿಸುವ ಜಾಗವನ್ನೂ ಟಾರ್ಚ್ ಹಾಕಿ ನೋಡಿ. ಅಲ್ಲಿ ಹಸಿರು ಅಥವಾ ಬಿಳಿ ಕಿಲುಬು ಕಂಡರೆ ಆ ಕ್ಯಾಮೆರಾ ಉಪ್ಪುಗಾಳಿಯನ್ನೋ ನೀರನ್ನೋ ಉಂಡಿದೆ ಎಂದರ್ಥ. ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ. ಎರಡನೆಯದಾಗಿ, ತಿರುಪುಗಳ ತಲೆ ಸವೆದಿದೆಯೇ ನೋಡಿ; ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಮೂರನೆಯದಾಗಿ, ಶಟರ್ ಎಷ್ಟು ಬಾರಿ ಓಡಿದೆ ಎಂದು ತಿಳಿದುಕೊಳ್ಳಿ. ಮಧ್ಯಮ ದರ್ಜೆಯ ಕ್ಯಾಮೆರಾಗಳ ಶಟರ್ ಸಾಮಾನ್ಯವಾಗಿ 1 ಲಕ್ಷದಿಂದ 1.5 ಲಕ್ಷ ಬಾರಿಯವರೆಗೆ ಬಾಳುತ್ತದೆ ಎಂದು ತಯಾರಕರು ಅಂದಾಜಿಸುತ್ತಾರೆ, ಮತ್ತು ಒಂದು ಮದುವೆಗೆ ಎರಡು ಮೂರು ಸಾವಿರ ಚಿತ್ರ ತೆಗೆಯುವವರಿಗೆ ಉಳಿದ ಆಯುಷ್ಯದ ಲೆಕ್ಕ ಬೇಗ ಸಿಗುತ್ತದೆ. ನಾಲ್ಕನೆಯದಾಗಿ, ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್ 16ಕ್ಕೆ ಇಟ್ಟು, ಫೋಕಸ್ ಕೆಡಿಸಿ, ಬಿಳಿ ಗೋಡೆಯ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಮಸುಕು ಚುಕ್ಕೆಗಳು ಚಿತ್ರವನ್ನು ಗ್ರಹಿಸುವ ಸೆನ್ಸರ್ ಮೇಲಿನ ದೂಳು, ಅವುಗಳನ್ನು ಸ್ವಚ್ಛಗೊಳಿಸಬಹುದು. ಗೀರಿನಂಥ ಸ್ಪಷ್ಟ ಗೆರೆಗಳಿದ್ದರೆ ಅದು ಗಾಯ. ಕೊನೆಯದಾಗಿ ಬಿಲ್ ಕೇಳಿ, ಅದರಲ್ಲಿರುವ ಕ್ರಮಸಂಖ್ಯೆಯನ್ನು ಕ್ಯಾಮೆರಾದ ಅಡಿಯಲ್ಲಿರುವ ಸಂಖ್ಯೆಯೊಂದಿಗೆ ತಾಳೆ ನೋಡಿ.

ಲೆನ್ಸ್ ನೋಡುವ ವಿಧಾನ ಬೇರೆ. ಎರಡೂ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಹಿಂಬದಿಯಿಂದ ಸಣ್ಣ ಟಾರ್ಚನ್ನು ಓರೆಯಾಗಿ ಹಿಡಿದು ಮುಂಬದಿಯಿಂದ ನೋಡಬೇಕು. ಒಂದೆರಡು ದೂಳಿನ ಕಣ ಎಲ್ಲ ಲೆನ್ಸಿನಲ್ಲೂ ಇರುತ್ತವೆ, ಅದರಿಂದ ಚಿತ್ರಕ್ಕೆ ತೊಂದರೆಯಿಲ್ಲ. ಗಾಜಿನ ಅಂಚಿನಿಂದ ನಡುವಿನ ಕಡೆಗೆ ಜೇಡರ ಬಲೆಯ ಎಳೆಗಳಂತೆ ಹರಡಿದ ಬಿಳಿ ಗೆರೆಗಳು ಕಂಡರೆ ಅದು ಬೂಷ್ಟು, ನಮ್ಮ ವೃತ್ತಿಯವರು ಫಂಗಸ್ ಎನ್ನುವುದು ಇದನ್ನೇ.

ಬೂಷ್ಟಿನಿಂದ ರಕ್ಷಣೆ

ಈ ಭಾಗವನ್ನು ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಬಿದ್ದು ಒಡೆದ ಲೆನ್ಸ್‌ಗಳಿಗಿಂತ ಬೂಷ್ಟು ಹಿಡಿದು ಹೋದ ಲೆನ್ಸ್‌ಗಳನ್ನೇ ನಾನು ಹೆಚ್ಚು ಕಂಡಿದ್ದೇನೆ. ನನ್ನದೇ ಒಂದು 50 ಮಿ.ಮೀ. ಲೆನ್ಸನ್ನು ಒಂದು ಮಳೆಗಾಲ ಪೂರ್ತಿ ಚರ್ಮದ ಕೈಚೀಲದಲ್ಲಿಟ್ಟು, ಚೀಲವನ್ನು ಅಟ್ಟದ ಮೇಲೆ ಭದ್ರವಾಗಿ ಇರಿಸಿದ್ದೆ. ನವರಾತ್ರಿಗೆ ಕೆಳಗಿಳಿಸಿ ತೆರೆದಾಗ ಚೀಲದ ಹೊರಮೈ ಮೇಲೆ ಬೂದಿ ಬಣ್ಣದ ಪುಡಿ ಹರಡಿತ್ತು, ಒಳಗೆ ಲೆನ್ಸಿನ ಎರಡನೆಯ ಗಾಜಿನ ಅಂಚಿನುದ್ದಕ್ಕೂ ಜರೀಗಿಡದ ಎಲೆಯಂಥ ಚಿತ್ತಾರ ಮೂಡಿತ್ತು. ಸ್ವಚ್ಛ ಮಾಡಿಸಿದ ಮೇಲೂ ಆ ಚಿತ್ತಾರದ ಗುರುತು ಗಾಜಿನ ಲೇಪನದಲ್ಲಿ ಉಳಿದುಬಿಟ್ಟಿದೆ. ಬೂಷ್ಟು ಬೆಳೆಯುತ್ತ ಸ್ರವಿಸುವ ಆಮ್ಲ ಲೇಪನವನ್ನು ಕೊರೆಯುತ್ತದೆ. ಬೂಷ್ಟನ್ನು ಒರೆಸಿ ತೆಗೆಯಬಹುದಾದರೂ ಕೊರೆದದ್ದನ್ನು ಮತ್ತೆ ತುಂಬಲಾಗದು.

ಗಾಳಿಯ ತೇವಾಂಶ ಶೇ. 60ನ್ನು ಮೀರಿ ದಿನಗಟ್ಟಲೆ ಉಳಿದಾಗ ಬೂಷ್ಟು ಬೇರೂರುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಗಳೊಳಗೆ ಅದು 80, 90ರ ಆಸುಪಾಸಿನಲ್ಲೇ ಇರುತ್ತದೆ. ಸಲಕರಣೆಗಳನ್ನು ಶೇ. 40ರಿಂದ 50ರ ನಡುವೆ ಇಡಬೇಕು. ಶೇ. 30ಕ್ಕಿಂತ ಕೆಳಗಿಳಿಸುವುದೂ ಬೇಡ. ಅಷ್ಟು ಒಣಗಿದರೆ ರಬ್ಬರ್ ಮತ್ತು ಒಳಗಿನ ಗ್ರೀಸ್ ಹಾಳಾಗಬಹುದು.

ಇದಕ್ಕೆ ಎರಡು ದಾರಿಗಳಿವೆ. ದುಡಿಮೆ ನಿಯಮಿತವಾಗಿದ್ದವರು ವಿದ್ಯುತ್ತಿನಿಂದ ನಡೆಯುವ, ಒಳಗಿನ ಗಾಳಿಯನ್ನು ಒಣದಾಗಿಡುವ ಡ್ರೈ ಕ್ಯಾಬಿನೆಟ್ ಕೊಳ್ಳುವುದು ಉತ್ತಮ. ಗಾಳಿ ಮಳೆಗೆ ಕರೆಂಟ್ ಹೋಗಿ ಎರಡು ದಿನ ಬಾರದಿದ್ದರೂ ಬಾಗಿಲು ತೆರೆಯದೆ ಇದ್ದರೆ ಒಳಗಿನ ಗಾಳಿ ಬೇಗ ಕೆಡುವುದಿಲ್ಲ. ಈಗಷ್ಟೇ ಆರಂಭಿಸಿದವರಿಗೆ ರಬ್ಬರ್ ಅಂಚಿನ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಹರಳುಗಳು ಮತ್ತು ತೇವಾಂಶ ಅಳೆಯುವ ಚಿಕ್ಕದೊಂದು ಹೈಗ್ರೋಮೀಟರ್ ಸಾಕು. ಕ್ಯಾಮೆರಾ ಚೀಲವನ್ನು ಮಾತ್ರ ಡಬ್ಬಿಯೊಳಗೆ ಇಡಬೇಡಿ. ಚೀಲದ ಸ್ಪಂಜು ತೇವವನ್ನು ಹೀರಿಕೊಂಡು ಕುಳಿತಿರುತ್ತದೆ.

ಅಗ್ಗದ ಹೈಗ್ರೋಮೀಟರ್‌ಗಳು ತಪ್ಪು ತೋರಿಸುವುದುಂಟು. ಅದನ್ನು ಮನೆಯಲ್ಲೇ ಹೀಗೆ ಪರೀಕ್ಷಿಸಬಹುದು: ಬಾಟಲಿಯ ಮುಚ್ಚಳವೊಂದರಲ್ಲಿ ಪುಡಿಯುಪ್ಪು ತುಂಬಿ, ಅದು ಕರಗದೆ ಹಸಿಮರಳಿನಂತೆ ಆಗುವಷ್ಟು ಮಾತ್ರ ನೀರು ಹನಿಸಿ, ಮುಚ್ಚಳವನ್ನೂ ಹೈಗ್ರೋಮೀಟರನ್ನೂ ಒಂದು ಜಿಪ್ ಚೀಲದಲ್ಲಿಟ್ಟು ಗಾಳಿಯಾಡದಂತೆ ಮುಚ್ಚಿ, ರಾತ್ರಿಯಿಡೀ ಬಿಡಿ. ಹಸಿ ಉಪ್ಪಿನ ಮೇಲಿನ ಗಾಳಿಯ ತೇವಾಂಶ ಶೇ. 75ಕ್ಕೆ ನಿಲ್ಲುತ್ತದೆ. ಬೆಳಿಗ್ಗೆ ಮುಳ್ಳು 80 ತೋರಿಸಿದರೆ ನಿಮ್ಮ ಹೈಗ್ರೋಮೀಟರ್ ಐದು ಅಂಕ ಹೆಚ್ಚು ಹೇಳುತ್ತದೆ ಎಂದು ಅದರ ಹಿಂದೆ ಬರೆದಿಟ್ಟುಕೊಳ್ಳಿ. ಪ್ಯಾಕೆಟ್ಟಿನ ಶುದ್ಧ ಉಪ್ಪನ್ನೇ ಬಳಸಿ; ಸಾಣಿಕಟ್ಟಾದ ಉಪ್ಪಿನ ಗದ್ದೆಗಳ ಹರಳುಪ್ಪು ಅಡುಗೆಗೆ ಎಷ್ಟು ರುಚಿಯೋ ಈ ಪರೀಕ್ಷೆಗೆ ಅಷ್ಟೇ ಅನನುಕೂಲ, ಏಕೆಂದರೆ ಗದ್ದೆಯ ಉಪ್ಪಿನಲ್ಲಿ ಬೆರೆತಿರುವ ಇತರ ಲವಣಗಳು ಅಂಕವನ್ನು ಬದಲಿಸುತ್ತವೆ.

ಸಿಲಿಕಾ ಜೆಲ್ ನೀಲಿಯದಾದರೆ ತೇವ ಹೀರಿದಾಗ ನಸುಗೆಂಪಾಗುತ್ತದೆ, ಕಿತ್ತಳೆ ಬಣ್ಣದ್ದು ಹಸಿರಾಗುತ್ತದೆ. ಬಣ್ಣ ತಿರುಗಿದ ಮೇಲೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ನೀಲಿ ಹರಳಿಗೆ ಬಣ್ಣ ಕೊಡುವ ಕೋಬಾಲ್ಟ್ ಕ್ಲೋರೈಡ್ ವಿಷಕಾರಿ. ಆದ್ದರಿಂದ ಅಡುಗೆಯ ಬಾಣಲೆಯಲ್ಲಿ ಕಾಯಿಸುವುದು ಸರ್ವಥಾ ಸಲ್ಲದು, ಅದಕ್ಕೆಂದೇ ಬೇರೆ ಪಾತ್ರೆ ಇರಲಿ. ಆಯ್ಕೆಯಿದ್ದರೆ ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ.

ಇಷ್ಟರ ಮೇಲೂ ವಾರಕ್ಕೊಮ್ಮೆ ಪ್ರತಿ ಲೆನ್ಸನ್ನೂ ಹೊರತೆಗೆದು, ಬೆಳಕಿಗೆ ಹಿಡಿದು, ಫೋಕಸ್ ಮತ್ತು ಝೂಮ್ ರಿಂಗ್‌ಗಳನ್ನು ತಿರುಗಿಸಿ, ನಾಲ್ಕು ಚಿತ್ರ ತೆಗೆದು ಇಡುವ ಅಭ್ಯಾಸ ಬೆಳೆಸಿಕೊಳ್ಳಿ. ಬೂಷ್ಟನ್ನು ಮೊದಲ ಎಳೆಯಲ್ಲೇ ಗುರುತಿಸಿದರೆ ಲೇಪನ ಉಳಿಯುತ್ತದೆ.

ಕಡಲತೀರದಲ್ಲಿ, ಇಬ್ಬನಿಯಲ್ಲಿ

ಕಾರವಾರದ ಟಾಗೋರ್ ಕಡಲತೀರದಲ್ಲಾಗಲಿ ಗೋಕರ್ಣದಲ್ಲಾಗಲಿ ಸಂಜೆ ಒಂದು ಗಂಟೆ ಗಾಳಿಗೆ ನಿಂತರೆ ಲೆನ್ಸಿನ ಮುಂಗಾಜಿನ ಮೇಲೆ ತೆಳುವಾದ ಪೊರೆ ಕೂರುತ್ತದೆ. ಅದು ಉಪ್ಪು. ಒಣಬಟ್ಟೆಯಿಂದ ಉಜ್ಜಿದರೆ ಹರಳುಗಳು ಗಾಜನ್ನು ಗೀರುತ್ತವೆ. ಮೊದಲು ಬ್ಲೋವರಿನಿಂದ ಊದಿ, ಬಳಿಕ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯನ್ನು ಹಗುರವಾಗಿ ಒತ್ತಿ ಉಪ್ಪನ್ನು ಕರಗಿಸಿ ತೆಗೆದು, ಕೊನೆಗೆ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬೇಕು. ಕ್ಯಾಮೆರಾದ ಮೈಗೂ ಇದೇ ಕ್ರಮ. ಕಡಲ ಕೆಲಸಕ್ಕೆ ಹೋಗುವಾಗ ಮುಂಗಾಜಿಗೆ ಯುವಿ ಫಿಲ್ಟರ್ ಹಾಕಿ, ಲೆನ್ಸ್ ಬದಲಿಸುವುದನ್ನು ವಾಹನದೊಳಗೆ ಮಾತ್ರ ಮಾಡಿ. ಅಲೆಯಲ್ಲಿ ನಿಲ್ಲಿಸಿದ ಟ್ರೈಪಾಡನ್ನು ಮನೆಗೆ ಬಂದ ಕೂಡಲೇ ಕಾಲಿನ ಎಲ್ಲ ಕೀಲುಗಳನ್ನು ಸಡಿಲಿಸಿ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸದಿದ್ದರೆ ಮುಂದಿನ ಬಾರಿ ಅದು ತೆರೆದುಕೊಳ್ಳುವುದಿಲ್ಲ.

ಎ.ಸಿ. ಕೋಣೆಯಿಂದ ಹೊರಗಿನ ಸೆಕೆಗೆ ಬಂದಾಗ ಗಾಜು ಬೆವರುವುದನ್ನು ಎಲ್ಲರೂ ನೋಡಿರುತ್ತಾರೆ. ತಣ್ಣಗಿರುವಾಗಲೇ ಕ್ಯಾಮೆರಾವನ್ನು ಜಿಪ್ ಚೀಲಕ್ಕೆ ಹಾಕಿ ಮುಚ್ಚಿ, ಹೊರಗೆ ತಂದು ಅರ್ಧ ಗಂಟೆ ಬಿಟ್ಟು ತೆರೆದರೆ ಬೆವರು ಚೀಲದ ಮೇಲೆ ಕೂರುತ್ತದೆ. ಚಳಿಗಾಲದಲ್ಲಿ ಬಯಲಾಟಕ್ಕೆ ರಾತ್ರಿಯಿಡೀ ಕೂರುವವರು ಇಬ್ಬನಿಯ ವಿಷಯದಲ್ಲೂ ಎಚ್ಚರವಾಗಿರಬೇಕು. ಲೆನ್ಸ್ ಹುಡ್ ಹಾಕಿಕೊಂಡರೆ ಮುಂಗಾಜಿಗೆ ಇಬ್ಬನಿ ಕೂರುವುದು ಬಹಳಷ್ಟು ಕಡಿಮೆಯಾಗುತ್ತದೆ.

ಕೆಟ್ಟಾಗ

ಕ್ಯಾಮೆರಾ ನೀರಿಗೆ ಬಿದ್ದರೆ ಮೊದಲು ಮಾಡಬೇಕಾದದ್ದು ಬ್ಯಾಟರಿ ತೆಗೆಯುವುದು. ಸರಿಯಿದೆಯೇ ಎಂದು ನೋಡಲು ಆನ್ ಮಾಡಿದರೆ ಉಳಿಯಬಹುದಾಗಿದ್ದ ಸರ್ಕ್ಯೂಟ್ ಕೂಡ ಸುಟ್ಟುಹೋಗುತ್ತದೆ. ಕಾರ್ಡ್ ಮತ್ತು ಲೆನ್ಸ್ ಬಿಡಿಸಿ, ಒರೆಸಿ, ಎಲ್ಲ ಬಾಗಿಲುಗಳನ್ನು ತೆರೆದು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಟ್ಟು ತಡಮಾಡದೆ ರಿಪೇರಿಯವರಿಗೆ ತಲುಪಿಸಿ. ಅಕ್ಕಿಯಲ್ಲಿ ಹೂತಿಡುವುದರಿಂದ ಅಕ್ಕಿಯ ಹಿಟ್ಟು ಒಳಹೋಗುವುದೇ ಹೊರತು ಪ್ರಯೋಜನವಿಲ್ಲ. ಕೂದಲು ಒಣಗಿಸುವ ಡ್ರೈಯರ್ ನೀರನ್ನು ಇನ್ನಷ್ಟು ಒಳಕ್ಕೆ ನೂಕುತ್ತದೆ. ಬಿದ್ದದ್ದು ಸಮುದ್ರದ ನೀರಾದರೆ ಪ್ರತಿ ಗಂಟೆಯೂ ಮುಖ್ಯ, ಏಕೆಂದರೆ ನೀರು ಆರಿದ ಮೇಲೂ ಉಪ್ಪು ಒಳಗೆ ಉಳಿದು ಲೋಹವನ್ನು ತಿನ್ನುತ್ತಲೇ ಇರುತ್ತದೆ.

ಮನೆಯಲ್ಲೇ ಮಾಡಬಹುದಾದ ರಿಪೇರಿಗಳ ಪಟ್ಟಿ ಚಿಕ್ಕದು. ಬ್ಲೋವರಿನಿಂದ ಸೆನ್ಸರಿನ ದೂಳು ಊದುವುದು, ಬ್ಯಾಟರಿಯ ಲೋಹದ ತುದಿಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು, ಬಿಟ್ಟುಕೊಂಡ ಹಿಡಿಕೆಯ ರಬ್ಬರನ್ನು ಅಂಟಿಸುವುದು, ಇಷ್ಟೇ. ಫ್ಲಾಶನ್ನು ಬಿಚ್ಚಲೇಬೇಡಿ, ಅದರ ಕೆಪಾಸಿಟರಿನಲ್ಲಿ ಬ್ಯಾಟರಿ ತೆಗೆದ ಮೇಲೂ 300 ವೋಲ್ಟ್ ಆಸುಪಾಸಿನ ವಿದ್ಯುತ್ ಉಳಿದಿರಬಹುದು, ಅದು ಜೀವಕ್ಕೇ ಅಪಾಯ. ಲೆನ್ಸನ್ನು ಕೂಡ ಬಿಚ್ಚಬೇಡಿ. ಕೆಲವು ವರ್ಷಗಳ ಹಿಂದೆ ದೂರದ ಊರಿನ ಅಂಗಡಿಯೊಂದಕ್ಕೆ ಬೂಷ್ಟು ತೆಗೆಯಲು ಕೊಟ್ಟ ನನ್ನ ಝೂಮ್ ಲೆನ್ಸ್ ಗಾಜು ಫಳಫಳಿಸುತ್ತ ವಾಪಸು ಬಂತು, ಆದರೆ ಚಿತ್ರದ ಎಡಬದಿ ಯಾವ ಅಪರ್ಚರಿನಲ್ಲೂ ಮಸುಕಾಗಿಯೇ ಬರುತ್ತಿತ್ತು. ಒಳಗಿನ ಒಂದು ಗಾಜು ಕೂದಲೆಳೆಯಷ್ಟು ಓರೆಯಾಗಿ ಕೂತಿತ್ತು. ಹಣ ಕೊಟ್ಟಾಗಿತ್ತು, ರಸೀದಿ ಪಡೆದಿರಲಿಲ್ಲ, ಕಳಿಸುವ ಮುನ್ನ ಲೆನ್ಸ್ ಹೇಗಿತ್ತು ಎಂಬುದಕ್ಕೆ ನನ್ನ ಬಳಿ ಪುರಾವೆಯೂ ಇರಲಿಲ್ಲ.

ಅಂದಿನಿಂದ ಹುಬ್ಬಳ್ಳಿಗಾಗಲಿ, ಮಡಗಾಂವಿಗಾಗಲಿ, ಬೆಂಗಳೂರಿಗಾಗಲಿ ಏನನ್ನಾದರೂ ಕಳಿಸುವ ಮುನ್ನ ಒಂದು ಕ್ರಮ ಪಾಲಿಸುತ್ತೇನೆ. ಗೋಡೆಗೆ ದಿನಪತ್ರಿಕೆಯ ಹಾಳೆ ಅಂಟಿಸಿ ನಾಲ್ಕೂ ಮೂಲೆ ಸೇರುವಂತೆ ಚಿತ್ರ ತೆಗೆದು ಇಟ್ಟುಕೊಳ್ಳುತ್ತೇನೆ. ವಾಪಸು ಬಂದಾಗ ಅದೇ ಹಾಳೆಯನ್ನು ಅದೇ ದೂರದಿಂದ ತೆಗೆದು ಹೋಲಿಸುತ್ತೇನೆ. ವಸ್ತುವಿನ ಆರೂ ಬದಿಗಳ ಮತ್ತು ಕ್ರಮಸಂಖ್ಯೆಯ ಚಿತ್ರ ತೆಗೆಯುತ್ತೇನೆ. ಕಾರ್ಡ್, ಬ್ಯಾಟರಿ, ಪಟ್ಟಿ, ಫಿಲ್ಟರ್ ಕಳಿಸುವುದಿಲ್ಲ. ತೊಂದರೆ ಏನು, ಯಾವಾಗ ಕಾಣುತ್ತದೆ ಎಂದು ಚೀಟಿಯಲ್ಲಿ ಬರೆದು ಒಳಗಿಡುತ್ತೇನೆ. ಅಂದಾಜು ವೆಚ್ಚವನ್ನು ಲಿಖಿತವಾಗಿ ತಿಳಿಸಿ ನನ್ನ ಒಪ್ಪಿಗೆ ಪಡೆದ ಮೇಲೆಯೇ ಬಿಚ್ಚಬೇಕೆಂದೂ, ಬದಲಿಸಿದ ಹಳೆಯ ಬಿಡಿಭಾಗಗಳನ್ನು ಹಿಂದಿರುಗಿಸಬೇಕೆಂದೂ ಕೇಳುತ್ತೇನೆ. ವಾರಂಟಿಯಿದೆ ಎಂದು ನಿಶ್ಚಿಂತೆಯಿಂದ ಇರುವವರು ತಿಳಿದಿರಬೇಕಾದ ಮಾತೆಂದರೆ, ಬೂಷ್ಟು ಮತ್ತು ನೀರಿನಿಂದಾದ ಹಾನಿಯನ್ನು ವಾರಂಟಿ ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ.

ದರ ನಿಗದಿ

ಪಕ್ಕದ ಸ್ಟುಡಿಯೋದವರು ಎಷ್ಟು ಕೇಳುತ್ತಾರೋ ಅದಕ್ಕಿಂತ ಸಾವಿರ ಕಡಿಮೆ ಎಂದು ದರ ಹೇಳುವ ರೂಢಿ ನಮ್ಮನ್ನೆಲ್ಲ ಬಡವಾಗಿಸಿದೆ. ದರ ನಿಮ್ಮ ಖರ್ಚಿನಿಂದ ಹುಟ್ಟಬೇಕು. ಒಂದು ಉದಾಹರಣೆ ನೋಡೋಣ. 1,80,000 ರೂಪಾಯಿಯ ಕ್ಯಾಮೆರಾ ಐದು ವರ್ಷ ಬಾಳಿದರೆ ವರ್ಷಕ್ಕೆ 36,000. 2,00,000 ರೂಪಾಯಿಯ ಲೆನ್ಸ್‌ಗಳು ಎಂಟು ವರ್ಷಕ್ಕೆ ಹಂಚಿದರೆ 25,000. 80,000 ರೂಪಾಯಿಯ ಕಂಪ್ಯೂಟರ್ ನಾಲ್ಕು ವರ್ಷಕ್ಕೆ 20,000. ಕಾರ್ಡ್, ಹಾರ್ಡ್ ಡಿಸ್ಕ್, ಬ್ಯಾಟರಿಗಳಿಗೆ 15,000. ರಿಪೇರಿ ಮತ್ತು ವಿಮೆಗೆ 14,000. ಒಟ್ಟು 1,10,000. ಅಂಗಡಿ ಬಾಡಿಗೆ, ಕರೆಂಟ್, ಇಂಟರ್ನೆಟ್‌ಗೆ ತಿಂಗಳಿಗೆ 10,000ದಂತೆ 1,20,000. ಮನೆಖರ್ಚಿಗೆ ತಿಂಗಳಿಗೆ 30,000ದಂತೆ 3,60,000. ಎಲ್ಲ ಸೇರಿ 5,90,000.

ಇದನ್ನು 365ರಿಂದ ಭಾಗಿಸಿದರೆ ದಿನಕ್ಕೆ 1,616 ರೂಪಾಯಿ ಬರುತ್ತದೆ, ಹೊಸಬರು ಮೋಸಹೋಗುವುದು ಇಲ್ಲಿಯೇ. ಒಬ್ಬರೇ ದುಡಿಯುವ ಸ್ಟುಡಿಯೋಗೆ ವರ್ಷದಲ್ಲಿ ಹಣ ತರುವ ದಿನಗಳು 40 ಸಿಕ್ಕರೆ, ಒಂದು ದಿನದ ದರ 14,750 ರೂಪಾಯಿ. ಆಲ್ಬಂ ಮುದ್ರಣ, ಸಹಾಯಕರ ಕೂಲಿ, ವಾಹನದ ಖರ್ಚು ಇದರ ಹೊರಗೆ. ಪ್ರತಿ ಮದುವೆಯ ಹಿಂದೆ ಎರಡು ಮೂರು ದಿನಗಳ ಎಡಿಟಿಂಗ್ ಕೆಲಸವಿರುತ್ತದೆ ಎಂಬುದನ್ನು ಗಿರಾಕಿಗಳಿಗೆ ಬಿಡಿಸಿ ಹೇಳಿ. ಬಹುಪಾಲು ಜನ ಅರ್ಥಮಾಡಿಕೊಳ್ಳುತ್ತಾರೆ.

ವರ್ಷದ ಆರಂಭದಲ್ಲೇ ಪಂಚಾಂಗ ತೆರೆದು ಮುಹೂರ್ತಗಳನ್ನು ಎಣಿಸಬೇಕು. 2026ರಲ್ಲಿ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಅಧಿಕ ಜ್ಯೇಷ್ಠ. ಅಧಿಕಮಾಸದಲ್ಲಿ ಮದುವೆಗಳನ್ನು ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಬೇಸಿಗೆಯ ಒಳ್ಳೆಯ ತಿಂಗಳೊಂದು ಲೆಕ್ಕದಿಂದ ಕೈಬಿಡುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ಅದರ ಆದಾಯವನ್ನೂ ಎರಡು ವರ್ಷಕ್ಕೆ ಹಂಚಿ ನೋಡಬೇಕು. ಮಳೆಗಾಲಕ್ಕೆಂದು ಹೋಮ್‌ಸ್ಟೇಗಳ ಕೋಣೆಗಳು, ಅಂಗಡಿಗಳ ಉತ್ಪನ್ನಗಳು, ಹಳೆಯ ಮನೆಗಳಲ್ಲಿರುವ ಕಪ್ಪುಬಿಳುಪು ಚಿತ್ರಗಳ ಡಿಜಿಟಲೀಕರಣ ಮುಂತಾದ ಒಳಾಂಗಣದ ಕೆಲಸಗಳನ್ನು ಬೇಸಿಗೆಯಲ್ಲೇ ಮಾತಾಡಿ ಇಟ್ಟುಕೊಳ್ಳಿ.

ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಸೇವೆಗಳಿಗೆ ಜಿ.ಎಸ್.ಟಿ. ನೋಂದಣಿ ಕಡ್ಡಾಯ. ಅದಕ್ಕಿಂತ ಕಡಿಮೆಯಿದ್ದರೂ ಪ್ರತಿ ಕೆಲಸಕ್ಕೂ ಸಂಖ್ಯೆ ಹಾಕಿದ ಬಿಲ್ ಕೊಡಿ. ಬ್ಯಾಂಕ್ ಸಾಲ ಕೇಳುವ ದಿನ ಆ ಬಿಲ್ಲುಗಳೇ ನಿಮ್ಮ ಪರವಾಗಿ ಮಾತಾಡುತ್ತವೆ.

ಕರಾರು ಮತ್ತು ಹಕ್ಕು

ಕರಾರು ಒಂದು ಪುಟ ಸಾಕು, ವಾಟ್ಸಾಪ್‌ನಲ್ಲಿ ಕಳಿಸಿ ಒಪ್ಪಿಗೆ ಪಡೆದರೂ ಬಾಯಿಮಾತಿಗಿಂತ ಮೇಲು. ದಿನಾಂಕ, ಸ್ಥಳ, ಕೆಲಸದ ಅವಧಿ, ಎಷ್ಟು ಚಿತ್ರಗಳು, ಆಲ್ಬಂನ ಪುಟಗಳೆಷ್ಟು, ಎಷ್ಟು ದಿನದಲ್ಲಿ ಕೊಡುವುದು, ಮುಂಗಡವೆಷ್ಟು ಎಂಬುದನ್ನು ಬರೆಯಿರಿ. ಮುಂಗಡವಿಲ್ಲದೆ ದಿನ ಕಾಯ್ದಿರಿಸಬೇಡಿ. ರಸ್ತೆಯ ವಿಷಯವನ್ನೂ ಸೇರಿಸಿ: 2024ರ ಜುಲೈ 16ರಂದು ಅಂಕೋಲಾ ಸಮೀಪದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದನ್ನು ನಾವು ಕಂಡಿದ್ದೇವೆ. ರಸ್ತೆ ಬಂದಾಗಿ ತಲುಪಲಾಗದಿದ್ದರೆ ಮುಂಗಡ ಏನಾಗಬೇಕು, ಬದಲಿ ಛಾಯಾಗ್ರಾಹಕರನ್ನು ಯಾರು ಗೊತ್ತುಮಾಡಬೇಕು ಎಂದು ಮೊದಲೇ ಬರೆದಿದ್ದರೆ ಇಬ್ಬರಿಗೂ ಮನಸ್ತಾಪವಿಲ್ಲ. ಶಿರಸಿಯಿಂದ ಕುಮಟಾ ಕಡೆಯ ಕೆಲಸವಿದ್ದರೆ ನಾನು ಹಿಂದಿನ ಸಂಜೆಯೇ ದೇವಿಮನೆ ಘಟ್ಟ ಇಳಿದುಬಿಡುತ್ತೇನೆ.

ಚಿತ್ರದ ಹಕ್ಕು ತಾನಾಗಿಯೇ ತೆಗೆದವರದು ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಯಾರಾದರೂ ಹಣ ಕೊಟ್ಟು ತೆಗೆಸಿದ ಚಿತ್ರಕ್ಕೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಮದುವೆಯ ಚಿತ್ರವನ್ನು ನಿಮ್ಮ ಜಾಹೀರಾತಿಗೋ ಸ್ಪರ್ಧೆಗೋ ಬಳಸಬೇಕೆಂದಿದ್ದರೆ ಆ ಅನುಮತಿಯನ್ನು ಕರಾರಿನಲ್ಲೇ ಪಡೆಯಿರಿ, ಬೇಡವೆಂದರೆ ಗೌರವಿಸಿ. ನೀವಾಗಿಯೇ ತೆಗೆದ ಯಾಣದ ಬಂಡೆಯ ಅಥವಾ ಉಂಚಳ್ಳಿ ಜಲಪಾತದ ಚಿತ್ರವನ್ನು ರೆಸಾರ್ಟಿನವರು ಕೇಳಿದರೆ ಸಂಗತಿ ಬೇರೆ. ಅಲ್ಲಿ ಹಕ್ಕು ನಿಮ್ಮದು. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತವೆಂದೂ ಕಾನೂನು ಪರಿಗಣಿಸುತ್ತದೆ. ಎಲ್ಲಿ, ಎಷ್ಟು ಕಾಲ, ಯಾವ ಉದ್ದೇಶಕ್ಕೆ ಎಂದು ಬರೆದುಕೊಟ್ಟು ಅದಕ್ಕೆ ತಕ್ಕ ಹಣ ಕೇಳಿ.

ಡ್ರೋನ್ ಆರ್ಡರ್ ಒಪ್ಪಿಕೊಳ್ಳುವ ಮುನ್ನ ಡ್ರೋನ್ ಹಾರಾಟದ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗವನ್ನು ನೋಡಲೇಬೇಕು. ಕಾರವಾರ ತಾಲೂಕಿನಲ್ಲಿ ನೌಕಾನೆಲೆಯೂ ಕೈಗಾ ಅಣುವಿದ್ಯುತ್ ಸ್ಥಾವರವೂ ಇರುವುದರಿಂದ, ಆ ನಕ್ಷೆಯ ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವುದು ಅಪರಾಧವೆಂಬುದನ್ನು ಮದುವೆ ಮನೆಯವರಿಗೂ ಸ್ಪಷ್ಟವಾಗಿ ತಿಳಿಸಿ. 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನನ್ನು ಹಣಕ್ಕಾಗಿ ಹಾರಿಸುವವರಿಗೆ 2021ರ ಡ್ರೋನ್ ನಿಯಮಗಳ ಪ್ರಕಾರ ಪೈಲಟ್ ಪ್ರಮಾಣಪತ್ರ ಬೇಕು.

ಕೆಲಸ ಮುಗಿದ ರಾತ್ರಿಯೇ ಚಿತ್ರಗಳನ್ನು ಎರಡು ಹಾರ್ಡ್ ಡಿಸ್ಕ್‌ಗಳಿಗೆ ಹಾಕಿ, ಒಂದನ್ನು ಸ್ಟುಡಿಯೋದಲ್ಲೂ ಇನ್ನೊಂದನ್ನು ಮನೆಯಲ್ಲೂ ಇಡಿ. ಗುಡುಗು ಸಿಡಿಲಿನ ದಿನಗಳಲ್ಲಿ ಕಂಪ್ಯೂಟರಿನಿಂದ ಡಿಸ್ಕಿನ ವೈರನ್ನು ಬಿಡಿಸಿಡಿ. ಆಲ್ಬಂ ತಲುಪಿಸಿದ ಮೇಲೆ ಎಷ್ಟು ತಿಂಗಳು ಮೂಲ ಚಿತ್ರಗಳನ್ನು ಕಾಯ್ದಿಡುತ್ತೀರಿ ಎಂಬುದನ್ನು ಕರಾರಿನ ಕೊನೆಯ ಸಾಲಾಗಿ ಬರೆಯಿರಿ. ನಾನು ಒಂದು ವರ್ಷ ಇಡುತ್ತೇನೆ, ಅಳಿಸುವ ಹದಿನೈದು ದಿನ ಮೊದಲು ಆ ಮನೆಯವರಿಗೆ ಫೋನ್ ಮಾಡಿ ತಿಳಿಸುತ್ತೇನೆ.